ಸೌನಾ ಮತ್ತು ಯೋಗ: ಬಿಸಿಲು ನಾಡಿನ ಮನೆಯಲ್ಲಿ ಎರಡನ್ನೂ ಜೋಡಿಸುವ ಬಗೆ

(ಬಳ್ಳಾರಿಯಲ್ಲಿ ಯೋಗಾಭ್ಯಾಸಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯ ಆರ್‌ಸಿಸಿ ಮನೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಕುಳಿತರೆ ಒಳಗಿನ ಧಗೆ 40 ಡಿಗ್ರಿಯ ಹತ್ತಿರ ಇರುತ್ತದೆ. ಹೊರದೇಶಗಳ 'ಹಾಟ್ ಯೋಗ' ಕೇಂದ್ರಗಳಲ್ಲಿ ಹೀಟರ್ ಹಚ್ಚಿ, ಗಾಳಿಗೆ ತೇವ ಸೇರಿಸಿ ತಯಾರು ಮಾಡುವುದು ಇದೇ 40 ಡಿಗ್ರಿಯನ್ನು. ಹೀಗಿರುವಾಗ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಸೌನಾ, ಅಂದರೆ ಕಾದ ಕೋಣೆಯಲ್ಲಿ ಕುಳಿತು ಬೆವರುವ ಫಿನ್ಲೆಂಡಿನ ಪದ್ಧತಿ, ಯಾಕೆ ಬೇಕು ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಬೇಸಿಗೆಯಲ್ಲಿ ಬೇಡ. ದೀಪಾವಳಿ ಕಳೆದ ಮೇಲೆ, ಬೆಳಗಿನ ಚಳಿಗೆ ಸೊಂಟ, ಮಂಡಿ, ಹೆಗಲು ಬಿಗಿದುಕೊಳ್ಳುವ ದಿನಗಳಲ್ಲಿ ಬೇಕಾದರೆ ಮಾಡಬಹುದು. 'ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು' ಎನ್ನುತ್ತೇವಲ್ಲ, ಸೌನಾವನ್ನೂ ಅವತ್ತಿಗೆ ನಿಲ್ಲಿಸುವುದು ಒಳ್ಳೆಯದು.

ಕಾರಣ ಸರಳ. ಸೌನಾ ಅಂದರೆ ಬರೀ ಬಿಸಿಯಲ್ಲ. ಬಿಸಿಯಾಗುವುದು ಅರ್ಧ ಕೆಲಸ, ತಣಿಯುವುದು ಉಳಿದರ್ಧ. ಫಿನ್ಲೆಂಡಿನಲ್ಲಿ ಸೌನಾದಿಂದ ಹೊರಬಂದವರು ಹಿಮದಲ್ಲಿ ನಿಲ್ಲುತ್ತಾರೆ, ಕೆರೆಗೆ ಇಳಿಯುತ್ತಾರೆ. ಏಪ್ರಿಲ್‌ನಲ್ಲಿ ನಮ್ಮ ಮನೆಯ ಮಾಳಿಗೆ ಮೇಲಿನ ಟ್ಯಾಂಕಿನ ನೀರು ನಲ್ಲಿಯಲ್ಲಿ ಬಿಸಿಯಾಗಿಯೇ ಬರುತ್ತದೆ, ಗಾಳಿಯೂ ಬಿಸಿ. ಮೈಯ ಒಳಗಿನ ಉಷ್ಣ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಹೊಲದಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ, ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ದುಡಿಯುವವರ ಮೈ ಆಗಲೇ ಆ ದಿನದ ಬಿಸಿಯನ್ನು ಉಂಡಿರುತ್ತದೆ. ಅಂಥವರು ಕೆಲಸದ ದಿನ ಸೌನಾಕ್ಕೆ ಕೂರಬಾರದು. ರಜೆಯ ದಿನ ಮಾಡಲಿ.

ಈ ಉಪನ್ಯಾಸದಲ್ಲಿ ಒಂದೇ ಮಾತನ್ನು ಗಟ್ಟಿಯಾಗಿ ಹೇಳಬೇಕಿದೆ. ಆಸನವನ್ನು ಸೌನಾದ ಒಳಗೆ ಮಾಡಬೇಡಿ. ಆಸನ ಮೊದಲು, ಬಿಸಿ ಆಮೇಲೆ, ಶವಾಸನ ಕೊನೆಗೆ. ಬಿಸಿಯೊಳಗೆ ಇರುವಷ್ಟು ಹೊತ್ತು ಕುಳಿತಿರುವುದು ಮತ್ತು ಮೂಗಿನಲ್ಲಿ ಸಹಜವಾಗಿ ಉಸಿರಾಡುವುದು, ಇವೆರಡೇ ಕೆಲಸ. ಫಿನ್ಲೆಂಡಿನಲ್ಲಿ ಸೌನಾ ಯೋಗ ಎಂಬ ಅಭ್ಯಾಸ ಇದೆ, ನಿಜ. ಆದರೆ ಅದನ್ನು 50 ಡಿಗ್ರಿಯ ಆಸುಪಾಸಿನಲ್ಲಿ, ಬೆಂಚಿನ ಮೇಲೆ ಕುಳಿತೇ, ನಿಧಾನ ಚಲನೆಗಳಲ್ಲಿ ಮಾಡುತ್ತಾರೆ. 80 ಡಿಗ್ರಿಯಲ್ಲಿ ಸೂರ್ಯ ನಮಸ್ಕಾರ ಹಾಕುವ ಪದ್ಧತಿ ಅದಲ್ಲ.

ಯಾಕೆ ಬೆರೆಸಬಾರದು ಅನ್ನುವುದಕ್ಕೆ ಮೈಯೊಳಗೆ ನಡೆಯುವುದನ್ನು ನೋಡಬೇಕು. 80 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದರೂ ಚರ್ಮದ ರಕ್ತನಾಳಗಳು ಅಗಲವಾಗಿ, ರಕ್ತ ಮೈಯ ಮೇಲ್ಭಾಗಕ್ಕೆ ಹರಿಯುತ್ತದೆ. ಅದನ್ನು ತಳ್ಳಲು ಹೃದಯ ನಿಮಿಷಕ್ಕೆ 100ರಿಂದ 130 ಸಲ, ಕೆಲವರಲ್ಲಿ ಅದಕ್ಕೂ ಹೆಚ್ಚು ಬಡಿಯುತ್ತದೆ. ಚುರುಕಾಗಿ ನಡೆಯುವಾಗ ಆಗುವಷ್ಟು ಶ್ರಮ ಕುಳಿತಲ್ಲೇ ಆಗುತ್ತಿದೆ. ಇದರ ಮೇಲೆ ಕಾಲು ಅಗಲಿಸಿ ಮಂಡಿ ಬಗ್ಗಿಸಿ ನಿಲ್ಲುವ ವೀರಭದ್ರಾಸನ ಹಾಕಿದರೆ ಸ್ನಾಯುಗಳೂ ರಕ್ತ ಕೇಳುತ್ತವೆ. ಚರ್ಮಕ್ಕೂ ಸ್ನಾಯುವಿಗೂ ಹಂಚಿ ಮಿದುಳಿಗೆ ಕಡಿಮೆ ಬಿದ್ದಾಗ ಕಣ್ಣು ಕತ್ತಲೆ ಬರುತ್ತದೆ. ಕೆಳಗೆ ಬಾಗಿ ತಟ್ಟನೆ ಎದ್ದಾಗ, ಉತ್ತಾನಾಸನದಿಂದ ನೆಟ್ಟಗಾಗುವಾಗ ಜನ ಬೀಳುವುದು ಇದೇ ಕಾರಣಕ್ಕೆ. ಬೀಳುವ ಜಾಗದಲ್ಲಿ ಹೀಟರಿನ ಮೇಲೆ ಜೋಡಿಸಿದ ಕಾದ ಕಲ್ಲು ಇರುತ್ತದೆ ಎಂಬುದನ್ನು ಮರೆಯಬಾರದು.

ಇನ್ನೊಂದು ಕಾರಣ ಕೀಲಿನದು. ಬಿಸಿಗೆ ಸ್ನಾಯು ಸಡಿಲವಾಗುತ್ತದೆ, ಎಳೆತದ ನೋವು ತಡವಾಗಿ ತಿಳಿಯುತ್ತದೆ. ಎರಡನೆಯದು ಅಪಾಯದ ಸಂಗತಿ. ದಿನವೂ ಕಾಲು ಚಾಚಿ ಕುಳಿತು ಮುಂದೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಮೊಣಕಾಲ ತನಕ ಬರುವ ಹಣೆ ಅವತ್ತು ಇನ್ನೂ ಮುಂದೆ ಹೋಗುತ್ತದೆ, ಮನಸ್ಸಿಗೆ ಖುಷಿಯಾಗುತ್ತದೆ. ತೊಡೆಯ ಹಿಂಭಾಗದ ಸ್ನಾಯು ಪೃಷ್ಠದ ಮೂಳೆಗೆ ಅಂಟಿಕೊಂಡ ಜಾಗದಲ್ಲಿ ಸಣ್ಣಗೆ ಹರಿದದ್ದು ಮಾರನೇ ದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂರುವಾಗ ಗೊತ್ತಾಗುತ್ತದೆ. ಅದು ಮಾಯಲು ತಿಂಗಳುಗಳೇ ಬೇಕು. ಹುಟ್ಟಿನಿಂದಲೇ ಕೀಲು ಸಡಿಲ ಇರುವವರು ಇನ್ನಷ್ಟು ಎಚ್ಚರ ವಹಿಸಬೇಕು.

ಬೆವರಿಸುವ ಕೋಣೆ ನಮಗೆ ಹೊಸದೇನೂ ಅಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯದಲ್ಲಿ ಬೆಂಕಿಯ ಸಹಾಯದಿಂದ ಬೆವರಿಸುವ 13 ವಿಧಾನಗಳಿವೆ. ಅದರಲ್ಲಿ ಜೇಂತಾಕ ಸ್ವೇದ ಎಂಬುದು ಹೆಚ್ಚುಕಡಿಮೆ ಸೌನಾವೇ. ದುಂಡನೆಯ ಕೋಣೆ, ಮಣ್ಣಿನ ಗೋಡೆ, ಗಾಳಿಗೆ ಹಲವು ಕಿಂಡಿ, ಗೋಡೆಯ ಸುತ್ತ ಒಂದು ಮೊಳ ಅಗಲ ಒಂದು ಮೊಳ ಎತ್ತರದ ಕಟ್ಟೆ, ನಡುವೆ ಆಳೆತ್ತರದ ಒಲೆ. ಕಟ್ಟಿಗೆ ಉರಿದು ಹೊಗೆ ಪೂರ್ತಿ ಹೋದ ಮೇಲಷ್ಟೇ ಒಳಗೆ ಹೋಗಬೇಕು. ಕರಿಮಣ್ಣಿನ ನೆಲ, ಹತ್ತಿರದಲ್ಲಿ ಕೆರೆಯೋ ಕೊಳವೋ ಇರಬೇಕು ಎಂದೂ ಅಲ್ಲಿ ಹೇಳಿದೆ. ನಮ್ಮ ಎರೆಹೊಲದ ಸೀಮೆಗೆ ಒಪ್ಪುವ ಮಾತು. ಅದರ ಕೊನೆಯ ಸೂಚನೆಗಳು ಇವತ್ತಿಗೂ ಗಮನದಲ್ಲಿ ಇಟ್ಟುಕೊಳ್ಳುವಂಥವು. ತಲೆ ಸುತ್ತಿದರೂ ಕಟ್ಟೆ ಬಿಟ್ಟು ಇಳಿಯಬೇಡ, ಕಟ್ಟೆಯನ್ನು ಹಿಡಿದೇ ಬಾಗಿಲ ತನಕ ಬಾ. ಹೊರಬಂದ ತಕ್ಷಣ ತಣ್ಣೀರು ಮುಟ್ಟಬೇಡ, ಒಂದು ಮುಹೂರ್ತ, ಅಂದರೆ 48 ನಿಮಿಷ ಬಿಟ್ಟು, ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ ಉಣ್ಣು. ಕಣ್ಣು, ಹೃದಯ, ವೃಷಣಗಳಿಗೆ ಶಾಖ ಕೊಡಬಾರದು, ಕೊಟ್ಟರೂ ಅತಿ ಮೃದುವಾಗಿರಬೇಕು ಎಂಬ ಮಾತೂ ಅದೇ ಅಧ್ಯಾಯದಲ್ಲಿದೆ. ಗರ್ಭಿಣಿಯರು, ಮದ್ಯ ಕುಡಿಯುವವರು, ರಕ್ತಸ್ರಾವ ಇರುವವರು, ಭೇದಿಯಾಗುತ್ತಿರುವವರು, ಮಧುಮೇಹಿಗಳು ಬೆವರಿಸಿಕೊಳ್ಳಬಾರದು ಎಂಬ ಪಟ್ಟಿಯೂ ಇದೆ.

ಈಗ ಮನೆಯಲ್ಲಿ ಏನು ಹೊಂದಿಸಿಕೊಳ್ಳಬಹುದು ಎಂಬುದಕ್ಕೆ ಬರೋಣ. ದುಡ್ಡು ಹೆಚ್ಚು ಹಾಳಾಗುವುದು ಇಲ್ಲೇ.

ಬಹಳ ಮಂದಿಗೆ ಮೊದಲು ಹೊಳೆಯುವುದು ಬಚ್ಚಲಿಗೇ ಸೌನಾ ಹೀಟರ್ ಹಾಕಿಸುವ ಯೋಚನೆ. ಅದು ಆಗದ ಮಾತು, ಲೆಕ್ಕ ನೋಡಿ. ಚೆನ್ನಾಗಿ ಶಾಖ ತಡೆ ಮಾಡಿದ ಕಟ್ಟಿಗೆಯ ಕೋಣೆಗೆ ಒಂದು ಘನ ಮೀಟರಿಗೆ ಸುಮಾರು 1 ಕಿಲೋವಾಟ್ ಹೀಟರ್ ಬೇಕು. 5 ಅಡಿ ಅಗಲ, 6 ಅಡಿ ಉದ್ದ, 7 ಅಡಿ ಎತ್ತರದ ಕೋಣೆ ಸುಮಾರು 6 ಘನ ಮೀಟರ್, ಅಂದರೆ 6 ಕಿಲೋವಾಟ್. ಆದರೆ ಟೈಲ್ಸ್, ಇಟ್ಟಿಗೆ, ಗಾಜು ಬರಿದಾಗಿ ಕಾಣುತ್ತಿದ್ದರೆ ಅಂಥ ಪ್ರತಿ ಚದರ ಮೀಟರಿಗೆ 1.2 ಘನ ಮೀಟರ್ ಹೆಚ್ಚಾಗಿ ಲೆಕ್ಕ ಹಿಡಿಯಬೇಕು ಎಂಬುದು ಹೀಟರ್ ತಯಾರಕರ ನಿಯಮ. ಅದೇ ಅಳತೆಯ ಬಚ್ಚಲಿನ ಗೋಡೆ, ಚಾವಣಿ ಸೇರಿ 17 ಚದರ ಮೀಟರ್ ಆಗುತ್ತದೆ. ಹೆಚ್ಚುವರಿ 20 ಘನ ಮೀಟರ್, ಒಟ್ಟು 26. ಅಷ್ಟು ದೊಡ್ಡ ಹೀಟರ್ ಮನೆಯ ಕರೆಂಟಿಗೆ ಒಗ್ಗುವುದಿಲ್ಲ. 6 ಕಿಲೋವಾಟನ್ನೇ ಹಾಕಿದರೆ ಎರಡು ತಾಸು ಉರಿದರೂ ಗೋಡೆ ಕುಡಿಯುತ್ತಲೇ ಇರುತ್ತದೆ, ಕೋಣೆ ಸೌನಾ ಆಗುವುದಿಲ್ಲ.

ಬೇಕೇ ಬೇಕು ಅಂದರೆ ಕಟ್ಟಿಗೆಯ ಪೆಟ್ಟಿಗೆ ಕೋಣೆಯನ್ನೇ ಕಟ್ಟಬೇಕು. ಗೋಡೆಗೆ 50 ಮಿಲಿಮೀಟರ್, ಚಾವಣಿಗೆ 100 ಮಿಲಿಮೀಟರ್ ರಾಕ್‌ವುಲ್ (ಶಾಖ ತಡೆಯುವ ಕಲ್ಲಿನ ನಾರು), ಅದರ ಒಳಮೈಗೆ ಅಲ್ಯುಮಿನಿಯಂ ಹಾಳೆ, ಹಾಳೆಗೂ ಹಲಗೆಗೂ ನಡುವೆ ಒಂದೆರಡು ಸೆಂಟಿಮೀಟರ್ ಖಾಲಿ ಜಾಗ, ಆಮೇಲೆ ಹಲಗೆ. ಥರ್ಮೋಕೋಲ್ ಹಾಕಬಾರದು. ಸೌನಾದ ಚಾವಣಿಯ ಬಿಸಿಗೆ ಅದು ಮೆತ್ತಗಾಗಿ ಕುಗ್ಗುತ್ತದೆ. ಪ್ಲೈವುಡ್ ಬೇಡ, ಬಿಸಿಗೆ ಅಂಟಿನ ಹೊಗೆ ಬರುತ್ತದೆ. ಸಾಗವಾನಿ, ಜಾಲಿಯಂಥ ತೂಕದ ಕಟ್ಟಿಗೆ ಕಾದರೆ ತೊಡೆ ಸುಡುತ್ತದೆ. ಪ್ಯಾಕಿಂಗ್ ಪೈನ್‌ನಲ್ಲಿ ಗಂಟು ಇದ್ದರೆ ಅಂಟು ಕರಗಿ ಮೈಗೆ ಹತ್ತುತ್ತದೆ. ಹಗುರ, ಗಂಟಿಲ್ಲದ, ಅಂಟು ಕಡಿಮೆ ಇರುವ ಕಟ್ಟಿಗೆಯೇ ಬೇಕು. ಬೆಂಚಿಗೆ ಮೊಳೆ ಮೇಲಿಂದ ಹೊಡೆಯದೆ ಸ್ಕ್ರೂ ಕೆಳಗಿನಿಂದ ಹಾಕಿಸಿ, ಕಾದ ಮೊಳೆಯ ತಲೆ ಚರ್ಮಕ್ಕೆ ಬೊಟ್ಟಿನಂತೆ ಗುರುತು ಮಾಡುತ್ತದೆ. ಬಾಗಿಲು ಹೊರಗೆ ತೆರೆಯಬೇಕು, ಚಿಲಕ ಇರಬಾರದು, ಒಳಗಿನಿಂದ ತಳ್ಳಿದರೆ ಸಾಕು ಎಂಬಂತಿರಬೇಕು. ಹೀಟರಿನ ಹಿಂದೆ ನೆಲದ ಹತ್ತಿರ ಗಾಳಿ ಬರಲು ಒಂದು ಕಿಂಡಿ, ಎದುರು ಗೋಡೆಯಲ್ಲಿ ಬೆಂಚಿನ ಕೆಳಗೆ ಹೋಗಲು ಇನ್ನೊಂದು. ಗಾಳಿಯ ಕಿಂಡಿ ಮುಚ್ಚಿ 'ಬಿಸಿ ಉಳಿಸುವ' ಅಭ್ಯಾಸದಿಂದಲೇ ತಲೆನೋವು ಬರುತ್ತದೆ.

ಕಲ್ಲಿನ ವಿಷಯದಲ್ಲಿ ನಮ್ಮ ಸೀಮೆಯವರು ತಪ್ಪು ಮಾಡುವುದು ಸುಲಭ, ಯಾಕೆಂದರೆ ಕಲ್ಲು ಎಲ್ಲೆಲ್ಲೂ ಇದೆ. ತುಂಗಭದ್ರೆಯ ದಂಡೆಯಿಂದ ತಂದ ನುಣುಪಾದ ಗುಂಡುಕಲ್ಲಿನ ಒಳಗೆ ನೀರಿನ ಅಂಶ ಇರುತ್ತದೆ, ಕಾದಾಗ ಸಿಡಿಯಬಹುದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದು ಕೂಡದು. ಕೆಂಪು ಗ್ರಾನೈಟ್‌ನಲ್ಲಿ ಬಿಳಿ ಕಲ್ಲಿನ ಹರಳು ಜಾಸ್ತಿ, ಕಾದು ತಣಿದು ಕಾದು ತಣಿದು ಬಿರುಕು ಬಿಟ್ಟು ಪುಡಿಯಾಗುತ್ತದೆ. ಫಿನ್ಲೆಂಡಿನವರು ಬಳಸುವ ಕಲ್ಲುಗಳಲ್ಲಿ ಡಯಬೇಸ್ ಒಂದು. ನಮ್ಮ ಗ್ರಾನೈಟ್ ಗುಡ್ಡಗಳ ನಡುವೆ ಗೋಡೆಯಂತೆ ಹಾಯ್ದುಹೋದ ಡೊಲರೈಟ್ ಅದೇ ಜಾತಿಯ ಕಲ್ಲು, ಜನರ ಬಾಯಲ್ಲಿ ಕರಿಕಲ್ಲು. ಸೀಳು, ಬಿಳಿ ಗೆರೆ, ತುಕ್ಕಿನ ಕಲೆ ಇಲ್ಲದ ತುಂಡುಗಳನ್ನು ಆರಿಸಿ, 5ರಿಂದ 10 ಸೆಂಟಿಮೀಟರ್ ಗಾತ್ರಕ್ಕೆ ಒಡೆಸಿ, ತೊಳೆದು ಒಣಗಿಸಿ ಇಡಬೇಕು. ಮೊದಲ ಸಲ ಯಾರೂ ಒಳಗೆ ಕೂರದೆ ಬಾಗಿಲು ಮುಚ್ಚಿ ಒಂದು ತಾಸು ಕಾಯಿಸಿ, ತಣಿದ ಮೇಲೆ ಪ್ರತಿ ಕಲ್ಲನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂದ ಸದ್ದು ಮಾಡುತ್ತದೆ. ತುಂಬ ಒತ್ತಿ ಜೋಡಿಸಿದರೆ ಗಾಳಿ ಆಡದೆ ಕಾಯಿಲ್ ಸುಟ್ಟುಹೋಗುತ್ತದೆ. ಆದರೆ ಹೀಟರ್ ಕೊಂಡಾಗ ಜೊತೆಗೆ ಬರುವ ಕಲ್ಲು ಇದ್ದರೆ ಅದನ್ನೇ ಬಳಸುವುದು ನೆಮ್ಮದಿ.

ಕರೆಂಟಿನ ಲೆಕ್ಕ ಹೀಗಿದೆ. 6 ಕಿಲೋವಾಟ್ ಹೀಟರ್ 230 ವೋಲ್ಟಿನಲ್ಲಿ 26 ಆಂಪಿಯರ್ ಎಳೆಯುತ್ತದೆ. ಮನೆಯ ದೊಡ್ಡ ಪ್ಲಗ್ 16 ಆಂಪಿಯರಿನದು. ಹಾಗಾಗಿ ಮೀಟರ್ ಬೋರ್ಡಿನಿಂದ ನೇರವಾಗಿ 6 ಚದರ ಮಿಲಿಮೀಟರ್ ತಾಮ್ರದ ತಂತಿ, 32 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ಮೊದಲೇ ನೋಡಿಕೊಳ್ಳಿ. ಸಂಜೆ ವೋಲ್ಟೇಜ್ 200ಕ್ಕೆ ಇಳಿದರೆ 6 ಕಿಲೋವಾಟ್ ಹೀಟರ್ ಕೊಡುವುದು ನಾಲ್ಕೂವರೆ ಕಿಲೋವಾಟ್ ಮಾತ್ರ. 40 ನಿಮಿಷದಲ್ಲಿ ಕಾಯುವ ಕೋಣೆ ಅವತ್ತು ಒಂದು ತಾಸಿಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಹೀಟರ್ ಕೆಟ್ಟಿದೆ ಎಂದು ಬಿಚ್ಚಿಸುವ ಮೊದಲು ವೋಲ್ಟೇಜ್ ಅಳೆಯಿಸಿ.

ಇಷ್ಟೆಲ್ಲ ಬೇಡ ಅನ್ನುವವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಹಬೆಯ ಟೆಂಟ್ ಸಾಕು. ಬಟ್ಟೆಯ ಗೂಡು, ಒಳಗೆ ಮಡಚುವ ಕುರ್ಚಿ, ಹೊರಗೆ 1 ಕಿಲೋವಾಟಿನ ಹಬೆ ಪಾತ್ರೆ, ನಡುವೆ ಒಂದು ಪೈಪು. ಇದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, 16 ಆಂಪಿಯರ್ ಪ್ಲಗ್ಗಿಗೆ ಹಾಕಬಹುದು. 2 ಲೀಟರ್ ನೀರು ಕುದಿಯಲು 10-11 ನಿಮಿಷ ಬೇಕು, ಆಮೇಲೆ ತಾಸಿಗೆ ಸುಮಾರು ಒಂದೂವರೆ ಲೀಟರ್ ಹಬೆಯಾಗುತ್ತದೆ. ಪೈಪು ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು, ಹಬೆಯ ಒತ್ತಡಕ್ಕೆ ಕುದಿನೀರು ಕಾಲ ಮೇಲೆ ಚಿಮ್ಮುತ್ತದೆ. ಟೆಂಟಿನ ಕಡೆಯಿಂದ ಪಾತ್ರೆಯ ಕಡೆಗೆ ಇಳಿಜಾರು ಇರುವಂತೆ ಪೈಪನ್ನು ಇಡಿ, ಬಾಯನ್ನು ಪಾದದಿಂದ ದೂರ, ಗೋಡೆಯ ಕಡೆ ತಿರುಗಿಸಿ. ಬೇವಿನ ಎಲೆ, ನೀಲಗಿರಿ ಎಲೆಯನ್ನು ಪಾತ್ರೆಯೊಳಗೆ ಹಾಕಬೇಡಿ. ಎಲೆ ಬಾಯಿಗೆ ಅಡ್ಡ ಬಂದರೆ ಹಬೆ ಕಟ್ಟಿಕೊಂಡು ಮುಚ್ಚಳ ಹಾರಬಹುದು. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಟೆಂಟಿನ ಒಳಗೆ ಹಬೆ ಹಾಯುವ ಕಡೆ ತೂಗುಹಾಕಿ.

ನಮ್ಮ ಬೋರಿನ ನೀರು ಸವಳು. ನಾಲ್ಕಾರು ಸಲಕ್ಕೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ, ನೀರು ಕುದಿಯುವುದು ತಡವಾಗುತ್ತದೆ, ಕಡೆಗೆ ಕಾಯಿಲ್ ಒಡೆಯುತ್ತದೆ. ಒಂದು ಲೀಟರ್ ಬಿಸಿನೀರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಪಾತ್ರೆಯಲ್ಲಿ ಅರ್ಧ ತಾಸು ಬಿಟ್ಟು ತೊಳೆದರೆ ಪದರ ಬಿಡುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರನ್ನೇ ತುಂಬಿದರೆ ಈ ತಾಪತ್ರಯ ಬಹಳ ಕಡಿಮೆ. ಕಾದ ಕಲ್ಲಿನ ಮೇಲೆ ಹಾಕುವುದಕ್ಕೂ ಅದೇ ನೀರು.

ಮೂರನೆಯ ದಾರಿ ಇನ್‌ಫ್ರಾರೆಡ್ ಪೆಟ್ಟಿಗೆ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣ ಬೀರುವ ಪೆಟ್ಟಿಗೆ. ಅದರ ಗಾಳಿ 45ರಿಂದ 60 ಡಿಗ್ರಿ, ಮೈಯನ್ನು ಕಿರಣ ಕಾಯಿಸುತ್ತದೆ. ಒಬ್ಬರ ಪೆಟ್ಟಿಗೆ ಸಾಮಾನ್ಯ ದೊಡ್ಡ ಪ್ಲಗ್ಗಿನಲ್ಲಿ ನಡೆಯುತ್ತದೆ. ಅದೇ ತಂತ್ರದ ಕಂಬಳಿಯಲ್ಲಿ ಮಲಗಿ ಶವಾಸನ ಮಾಡುವುದು ಮಾತ್ರ ಬೇಡ. ನಿದ್ದೆ ಹತ್ತುತ್ತದೆ, ಒಂದೇ ಜಾಗ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ.

ಯಾವ ಸಲಕರಣೆಗೆ ಎಷ್ಟು ಹೊತ್ತು ಎಂಬುದನ್ನು ಬಿಸಿಯ ಅಂಕಿ ನೋಡಿ ನಿರ್ಧರಿಸಬಾರದು. ಒಣ ಸೌನಾದ 75 ಡಿಗ್ರಿಯಲ್ಲಿ ಬೆವರು ಆರುತ್ತದೆ, ಆರುವಾಗ ಮೈ ತಣಿಯುತ್ತದೆ. ಟೆಂಟಿನ 45 ಡಿಗ್ರಿಯಲ್ಲಿ ಗಾಳಿ ಹಬೆಯಿಂದ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಬದಲಿಗೆ ಹಬೆ ಚರ್ಮದ ಮೇಲೆ ನೀರಾಗುತ್ತ ತನ್ನ ಶಾಖವನ್ನೂ ಮೈಗೆ ಬಿಡುತ್ತದೆ. ಕಡಿಮೆ ಅಂಕಿ ಎಂದು ಟೆಂಟಿನಲ್ಲಿ ಅರ್ಧ ತಾಸು ಕೂತವರು ಎದ್ದು ನಿಲ್ಲಲಾರದೆ ಹೋಗುತ್ತಾರೆ. ಟೆಂಟಿಗೆ 8ರಿಂದ 10 ನಿಮಿಷ, 65-75 ಡಿಗ್ರಿಯ ಒಣ ಸೌನಾಕ್ಕೆ 8ರಿಂದ 12, ಇನ್‌ಫ್ರಾರೆಡ್‌ಗೆ 15ರಿಂದ 20 ನಿಮಿಷ. ಹೊಸಬರು ಮೊದಲ ಎರಡು ವಾರ ಇದರ ಅರ್ಧ, ವಾರಕ್ಕೆ ಎರಡು ಸಲ.

ಇನ್ನು ಜೋಡಿಸುವ ಕ್ರಮ. ರೊಟ್ಟಿ ಊಟವಾಗಿ ಮೂರು ತಾಸು ಆಗಿರಬೇಕು, ಹಾಗೆಂದು ಉಪವಾಸದ ದಿನವೂ ಆಗಬಾರದು. ಮೊದಲು ಒಂದು ಲೋಟ ನೀರು. ಸೌನಾದ ಹೀಟರ್ ಹಚ್ಚಿ ಆಸನಕ್ಕೆ ಚಾಪೆ ಹಾಸಿದರೆ ಎರಡೂ ಹೊತ್ತಿಗೆ ಸರಿಹೋಗುತ್ತವೆ. 25 ನಿಮಿಷದ ಅಭ್ಯಾಸ ಸಾಕು: ತಾಡಾಸನದಲ್ಲಿ ಐದಾರು ಉಸಿರು, ನಿಧಾನದ ಸೂರ್ಯ ನಮಸ್ಕಾರ ನಾಲ್ಕು ಸುತ್ತು, ತ್ರಿಕೋಣಾಸನ ಎರಡೂ ಬದಿ, ಭುಜಂಗಾಸನ, ಶಲಭಾಸನ, ಮಾರ್ಜಾಲಾಸನದ ಚಲನೆ ಹತ್ತು ಸಲ, ಕುಳಿತು ಒಂದು ತಿರುವು. ಶಕ್ತಿ ಬೇಡುವ ಆಸನಗಳು, ಸಮತೋಲದ ಆಸನಗಳು ಎಲ್ಲ ಈ ಭಾಗದಲ್ಲೇ ಮುಗಿಯಬೇಕು. ಶೀರ್ಷಾಸನ, ಸರ್ವಾಂಗಾಸನದ ರೂಢಿ ಇರುವವರು ಅವತ್ತು ಅವನ್ನು ಬಿಟ್ಟರೂ ನಷ್ಟವಿಲ್ಲ. ಬಿಡಲಾರೆ ಎಂದರೆ ಇಲ್ಲೇ ಮಾಡಿ, ಬಿಸಿಯಾದ ಮೇಲೆ ಬೇಡ.

ಆಸನ ಮುಗಿದು ಹತ್ತು ನಿಮಿಷ ಸುಮ್ಮನೆ ಕೂಡಬೇಕು. ನಾಡಿ ತನ್ನ ಮಾಮೂಲಿ ಗತಿಗೆ ಬರಲಿ. ಈ ಹೊತ್ತಿನಲ್ಲಿ ಉಂಗುರ, ಸರ, ಬೆಳ್ಳಿ ಉಡದಾರ ತೆಗೆದಿಡಿ, ಲೋಹ ಕಾದು ಸುಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆಯಿರಿ. ಮೂತ್ರಕ್ಕೆ ಹೋಗಿ ಬಂದು, ಮೈ ತೊಳೆದು ಒರೆಸಿಕೊಂಡು, ತೂಕ ನೋಡಿ ಬರೆದಿಡಿ. ಮನೆಯಲ್ಲಿ ಇನ್ನೊಬ್ಬರಿಗೆ 'ಕೂರುತ್ತಿದ್ದೇನೆ' ಎಂದು ಹೇಳಿ ಹೋಗಿ, ಗಡಿಯಾರ ಅವರ ಕೈಯಲ್ಲಿರಲಿ.

ಮೊದಲ ಸುತ್ತು ಕೆಳ ಬೆಂಚಿನ ಮೇಲೆ. ದಪ್ಪ ಹತ್ತಿಯ ಟವೆಲ್ ಹಾಸಿ, ಬೆನ್ನು ಗೋಡೆಗೆ ಆನಿಸಿ, ಸುಖಾಸನದಲ್ಲಿ ಕುಳಿತುಕೊಳ್ಳಿ. ವಜ್ರಾಸನ, ಪದ್ಮಾಸನ ಇಲ್ಲಿ ಒಳ್ಳೆಯದಲ್ಲ, ಕಾಲಿನ ರಕ್ತ ಓಡಾಟ ತಡೆದು ಏಳುವಾಗ ಜೋಮು, ತಲೆಸುತ್ತು ಎರಡೂ ಸೇರುತ್ತವೆ. ಮೂಗು ಉರಿದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ, ಆಗಲೂ ಉರಿದರೆ ಕೋಣೆ ಜಾಸ್ತಿ ಕಾದಿದೆ ಎಂದರ್ಥ. ಕಲ್ಲಿನ ಮೇಲೆ ಒಂದು ಸಲಕ್ಕೆ 100 ಮಿಲಿಲೀಟರ್ ನೀರು, ಅರ್ಧ ಸಣ್ಣ ಲೋಟದಷ್ಟು, ಹಾಕಿದರೆ ಸಾಕು. ನೀಲಗಿರಿ ಎಣ್ಣೆಯನ್ನು ನೇರವಾಗಿ ಕಲ್ಲಿಗೆ ಸುರಿದರೆ ಭಗ್ ಎಂದು ಹೊತ್ತಿಕೊಳ್ಳುತ್ತದೆ.

ಉಸಿರಾಟದಲ್ಲಿ ಒಂದು ಗಡಿ ಹಾಕಿಕೊಳ್ಳಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಒತ್ತಾಯವಿಲ್ಲದೆ. ಭಸ್ತ್ರಿಕಾ, ಕಪಾಲಭಾತಿಯಂಥ ವೇಗದ ಉಸಿರಾಟ, ಮೈ ಬಿಸಿಯೇರಿಸುವ ಸೂರ್ಯಭೇದನ ಬೇಡ, ಕುಂಭಕ (ಉಸಿರು ಹಿಡಿದಿಡುವುದು) ಖಂಡಿತ ಬೇಡ. ವೇಗವಾಗಿ ಉಸಿರು ಹೊಡೆದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಬಿಸಿಗೆ ರಕ್ತದೊತ್ತಡವೂ ಇಳಿದಿರುವಾಗ ಇವೆರಡೂ ಕೂಡಿದರೆ ಎಚ್ಚರ ತಪ್ಪಲು ಕ್ಷಣ ಸಾಕು. ಚೆನ್ನಾಗಿ ಪ್ರಾಣಾಯಾಮ ಬಲ್ಲವರೇ ಇಲ್ಲಿ ಹೆಚ್ಚು ಎಡವುತ್ತಾರೆ, ಯಾಕೆಂದರೆ ಅವರಿಗೆ ಉಸಿರು ಹಿಡಿದಿಡುವ ಶಕ್ತಿ ಇದೆ.

ಹೊತ್ತು ಮುಗಿದ ಮೇಲೆ ಕಾಲು ಕೆಳಗೆ ಬಿಟ್ಟು ಒಂದು ನಿಮಿಷ ಕುಳಿತು, ಮೀನಖಂಡವನ್ನು ಹತ್ತು ಸಲ ಬಿಗಿದು ಸಡಿಲಿಸಿ, ಆಮೇಲೆ ಗೋಡೆ ಹಿಡಿದು ಏಳಿ. ಹೊರಗೆ ಹತ್ತು ನಿಮಿಷ ಗಾಳಿಯಲ್ಲಿ ಕುಳಿತು, ಬಕೆಟ್ಟಿನ ನೀರನ್ನು ಪಾದದಿಂದ ಶುರುಮಾಡಿ ಮೇಲಕ್ಕೆ ಹಾಕಿಕೊಳ್ಳಿ. ಜನವರಿಯ ನಸುಕಿನಲ್ಲಿ ಟ್ಯಾಂಕಿನ ನೀರು ಕೊರೆಯುತ್ತದೆ, ಅದನ್ನು ಒಮ್ಮೆಗೇ ತಲೆಗೆ ಸುರಿದುಕೊಂಡರೆ ರಕ್ತದೊತ್ತಡ ತಟ್ಟನೆ ಏರುತ್ತದೆ. ಚರಕರ ಮಾತಿನಂತೆ ಉಗುರುಬೆಚ್ಚಗಿನ ನೀರೇ ಲೇಸು. ಅಭ್ಯಾಸವಾದವರು ಎರಡನೇ ಸುತ್ತು ಕೂಡಬಹುದು, ಮೂರನೆಯದರ ಅಗತ್ಯ ಇಲ್ಲ.

ಕೊನೆಯ ಭಾಗ ಶವಾಸನ, 15 ನಿಮಿಷ. ಮೀನಖಂಡವನ್ನು ಕುರ್ಚಿಯ ಮೇಲಿಟ್ಟು ಮಲಗಿದರೆ ಕಾಲಲ್ಲಿ ನಿಂತ ರಕ್ತ ಹಿಂದಿರುಗಲು ನೆರವಾಗುತ್ತದೆ. ಈ ಯೋಜನೆಯ ನಿಜವಾದ ಲಾಭ ಇಲ್ಲಿದೆ. ಬಿಸಿಯಿಂದ ಸಡಿಲವಾದ ಮೈ ತಾನಾಗಿ ನೆಲಕ್ಕೆ ಇಳಿಯುತ್ತದೆ, ಬೇರೆ ದಿನ ಹದಿನೈದು ನಿಮಿಷ ಹೆಣಗಿದರೂ ಸಿಗದ ವಿಶ್ರಾಂತಿ ಎರಡು ನಿಮಿಷದಲ್ಲಿ ಸಿಗುತ್ತದೆ. ಮೈ ಎಳೆಯುವ ಆಸೆಯಾದರೆ ಅಂಗಾಲು ಜೋಡಿಸಿ ಮಲಗುವ ಸುಪ್ತ ಬದ್ಧಕೋಣಾಸನದಲ್ಲಿ ಎರಡೂ ತೊಡೆಯ ಕೆಳಗೆ ದಿಂಬು ಕೊಟ್ಟು ಮಲಗಿ. ಮುಂದೆ ಬಾಗುವ ಆಸನವಾದರೆ ದಿನ ಹೋಗುವ ಅಳತೆಯ ಮುಕ್ಕಾಲಿಗೆ ನಿಲ್ಲಿಸಿ. ಶೀತಲೀ ಒಂಬತ್ತು ಸುತ್ತು ಹಿತವಾಗಿರುತ್ತದೆ, ಆದರೆ ಅದು ಬಾಯಿಂದ ಗಾಳಿ ಎಳೆಯುವ ಕ್ರಮ. ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ಮನೆಗಳಲ್ಲಿ ಧೂಳು ನೇರ ಗಂಟಲಿಗೆ ಹೋಗುತ್ತದೆ. ಅಂಥ ಕಡೆ ಎಡ ಮೂಗಿನಲ್ಲಿ ಎಳೆದು ಬಲದಲ್ಲಿ ಬಿಡುವ ಚಂದ್ರಭೇದನ ಮಾಡಿ, ಮೂಗು ಸೋಸುತ್ತದೆ.

ಈಗ ಮತ್ತೆ ತೂಕ ನೋಡಿ. ಅರ್ಧ ಕಿಲೋ ಕಡಿಮೆಯಾಗಿದ್ದರೆ ಅದು ನೀರು, ಕೊಬ್ಬಲ್ಲ. ಕಳೆದ ಪ್ರತಿ ಅರ್ಧ ಕಿಲೋಗೆ ಮುಕ್ಕಾಲು ಲೀಟರ್, ಒಂದೆರಡು ತಾಸಿನಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಬರೀ ನೀರು ಸಾಲದು, ಉಪ್ಪು ಹೋಗಿದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿಗಿಂತ ಒಳ್ಳೆಯ ಪಾನೀಯವನ್ನು ಅಂಗಡಿಯಲ್ಲಿ ಹುಡುಕಬೇಕಿಲ್ಲ. ಕೊಪ್ಪಳ, ರಾಯಚೂರು ಭಾಗದ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುತ್ತದೆ. ಹೆಚ್ಚು ಬೆವರುವವರು ಹೆಚ್ಚು ಕುಡಿಯುತ್ತಾರೆ, ಹಾಗಾಗಿ ಅವರ ಹೊಟ್ಟೆಗೆ ಹೋಗುವ ಫ್ಲೋರೈಡೂ ಹೆಚ್ಚು. ಶುದ್ಧೀಕರಿಸಿದ ನೀರೇ ಆಗಬೇಕು.

2015ರಲ್ಲಿ ಫಿನ್ಲೆಂಡಿನಿಂದ ಬಂದ ಅಧ್ಯಯನವೊಂದರ ಬಗ್ಗೆ ಬಹಳ ಮಂದಿ ಕೇಳಿರುತ್ತೀರಿ. 2,315 ಮಧ್ಯವಯಸ್ಸಿನ ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿದಾಗ, ವಾರಕ್ಕೆ 4ರಿಂದ 7 ಸಲ ಸೌನಾ ಮಾಡುವವರಲ್ಲಿ ಹೃದಯ ಹಠಾತ್ತನೆ ನಿಂತು ಆಗುವ ಸಾವು, ಒಂದು ಸಲ ಮಾಡುವವರಿಗಿಂತ ಕಡಿಮೆ ಕಂಡಿತು. ಅದು ಗಮನಿಸಿ ಬರೆದ ಲೆಕ್ಕ, ಸೌನಾವೇ ಕಾರಣ ಎಂದು ಸಾಬೀತು ಮಾಡಿದ್ದಲ್ಲ. ಹುಟ್ಟಿನಿಂದ ಸೌನಾ ರೂಢಿಯಿರುವ, ಚಳಿ ದೇಶದ ಗಂಡಸರ ಲೆಕ್ಕ ಅದು. ರಾಯಚೂರಿನ ಬಿಸಿಲಲ್ಲಿ ವಾರಕ್ಕೆ ಏಳು ಸಲ ಕೂರಲು ಅದನ್ನು ಆಧಾರ ಮಾಡಿಕೊಳ್ಳಬೇಡಿ.

ಯಾರಿಗೆ ಬೇಡ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಬರುತ್ತಿರುವವರು, ಹೃದಯದ ಕವಾಟ ಕಿರಿದಾದವರು, ಜ್ವರ ಇರುವವರು, ಮೂರ್ಛೆರೋಗ ಇರುವವರು, ಚಿಕ್ಕ ಮಕ್ಕಳು. ಬಿಪಿಗೆ, ಮೂತ್ರ ಹೆಚ್ಚಿಸಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕೂರಬಾರದು. ಇನ್ಸುಲಿನ್ ಚುಚ್ಚಿಕೊಂಡು ಬಿಸಿಗೆ ಹೋದರೆ ಅದು ಬೇಗ ರಕ್ತಕ್ಕೆ ಸೇರಿ ಸಕ್ಕರೆ ಇಳಿಯಬಹುದು. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸರಲ್ಲಿ ವೀರ್ಯಾಣು ಕೆಲ ಕಾಲ ಕಡಿಮೆಯಾಗುತ್ತದೆ. ಕುಡಿದು ಸೌನಾಕ್ಕೆ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಒಳಗಿದ್ದಾಗ ವಾಕರಿಕೆ, ತಲೆನೋವು, ಬೆರಳ ತುದಿ ಜುಮುಜುಮು, ಎದೆ ಡವಡವ ಎಂದರೆ ಅವತ್ತಿಗೆ ಮುಗಿಯಿತು, ಹೊರಗೆ ಬನ್ನಿ. ಮಲಗಿಸಿ ಕಾಲು ಎತ್ತಿಟ್ಟು, ಒದ್ದೆ ಬಟ್ಟೆ ಹೊದಿಸಿ ಫ್ಯಾನ್ ಹಾಕಬೇಕು. ಮಾತು ತಡವರಿಸಿದರೆ, ಯಾರು ಎಲ್ಲಿ ಎಂಬ ಗುರುತು ತಪ್ಪಿದರೆ ಅದು ಉಷ್ಣಾಘಾತ. ಬೆವರುತ್ತಿದ್ದಾರೆ, ಹಾಗಾಗಿ ಏನೂ ಇಲ್ಲ ಎಂದು ಸುಮ್ಮನಿರಬಾರದು. ಬಾಯಿಗೆ ನೀರು ಹಾಕದೆ 108ಕ್ಕೆ ಕರೆ ಮಾಡಿ, ವಾಹನ ಬರುವ ತನಕ ಮೈಗೆ ನೀರು ಹಾಕುತ್ತಲೇ ಇರಿ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲಿ ಸೇರಿಸಿದೆ. ಒಬ್ಬ ತಾಯಿ ಕೇಳಿದರು: ಬಾಣಂತಿ ಕೋಣೆಯಲ್ಲಿ ಕೆಂಡದ ಬುಟ್ಟಿ ಇಡುತ್ತಿದ್ದೆವು, ಹಾಗೇ ಟೆಂಟಿನಲ್ಲಿ, ಬಚ್ಚಲಲ್ಲಿ ಕೆಂಡ ಇಟ್ಟರೆ ಕರೆಂಟ್ ಉಳಿಯುತ್ತದಲ್ಲ? ಅಮ್ಮಾ, ದಯವಿಟ್ಟು ಬೇಡ. ಹಳೆಯ ಮನೆಗಳಲ್ಲಿ ಹಂಚಿನ ಸಂದು, ಬೆಳಕಿಂಡಿ ಇದ್ದವು. ಇಂದಿನ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಅದು ನಿದ್ದೆ ಬಂದಂತೆ ಕೊಲ್ಲುತ್ತದೆ. ಬಚ್ಚಲ ಒಳಗೇ ಇರುವ ಗ್ಯಾಸ್ ಗೀಸರಿಗೂ ಇದೇ ಮಾತು. ಹಂಡೆಯ ಒಲೆಯ ಬಾಯಿ ಹೊರಗಿದ್ದು, ಒಳಗೆ ನೀರಿನ ಹಬೆ ಮಾತ್ರ ಬರುವಂತಿದ್ದರೆ ಅಡ್ಡಿಯಿಲ್ಲ. ಇನ್ನೊಬ್ಬರು ಎಣ್ಣೆ ಹಚ್ಚಿಕೊಂಡು ಕೂರಬಹುದೇ ಎಂದರು. ಹಬೆಯ ಟೆಂಟಿನಲ್ಲಿ ತೆಳ್ಳಗೆ ಹಚ್ಚಿಕೊಂಡು ಕೂರಬಹುದು. ಒಣ ಸೌನಾದಲ್ಲಿ ಎಣ್ಣೆ ಹಲಗೆಗೆ ಇಳಿದು ಕಮಟು ವಾಸನೆ ಹಿಡಿಯುತ್ತದೆ, ಏಳುವಾಗ ಕಾಲೂ ಜಾರುತ್ತದೆ. ಒಣ ಸೌನಾ ಮಾಡುವವರು ಎಣ್ಣೆ ಸ್ನಾನವನ್ನು ಬೇರೆ ದಿನ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಕಟ್ಟಿಗೆಯ ಕೋಣೆಯ ಬಾಗಿಲು, ಕಿಂಡಿ ತೆರೆದು ಹೀಟರನ್ನು ಇನ್ನೂ ಹತ್ತು ನಿಮಿಷ ಉರಿಸಿ, ಹಲಗೆಯ ತೇವ ಆರುತ್ತದೆ. ಟೆಂಟನ್ನು ಒದ್ದೆಯಿದ್ದಾಗ ಮಡಚಿಟ್ಟರೆ ಮೂರನೇ ದಿನಕ್ಕೆ ಬೂಷ್ಟು. ಒಳಮಗ್ಗಲು ತಿರುಗಿಸಿ, ಒರೆಸಿ, ಮಾಳಿಗೆ ಮೇಲೆ ನೆರಳಿನಲ್ಲಿ ಹರವಿ. ಹಬೆ ಪಾತ್ರೆಯ ಪ್ಲಗ್ ಕಿತ್ತು, ಪೂರ್ತಿ ತಣಿದ ಮೇಲೆ ಉಳಿದ ನೀರು ಚೆಲ್ಲಿ, ಬೋರಲು ಹಾಕಿಡಿ.